ಅನಾನಸು ಹಾಗಲಕಾಯಿಯ ಗೊಜ್ಜು ಮತ್ತು ನಮ್ಮ ಹಿತ್ತಲುಗಳು

ಬಿತ್ತನೆಯ ಬೀಜ, ಗೊಬ್ಬರ, ಕೀಟಬಾಧೆ, ದನಗಳ ಮೇವು ಮೊದಲಾದ ವಿಷಯಗಳನ್ನು ಈ ಪತ್ರಿಕೆಯಲ್ಲಿ ಓದಿ ರೂಢಿಯುಳ್ಳ ಯಜಮಾನರು, ಗೊಜ್ಜಿನ ಪ್ರಸ್ತಾಪವನ್ನು ಇಲ್ಲಿ ಕಂಡು, ಇದು ಎಲ್ಲಿಯೋ ಸೇರಬೇಕಾದದ್ದು ಇಲ್ಲಿ ಅಚ್ಚಾಗಿದೆಯೆಂದು ಭಾವಿಸಬಹುದು. ವಾಸ್ತವವಾಗಿ ಇದು ವ್ಯವಸಾಯದ ವಿಷಯವೇ ಆಗಿರುತ್ತದೆ. ಅಡಿಗೆಯ ಮನೆಯಲ್ಲಿ ಏನು ಬೇಯುವುದೋ ಅದೇ ಹಿತ್ತಲಿನಲ್ಲಿ ಉಳಿಯುವುದು. ಅಡಿಗೆ ಮಾಡುವವರಿಗೆ ಬೇಡವಾದ ಗಿಡವನ್ನು ಇಲಾಖೆಯವರು ಎಷ್ಟು ಸಲ ಹಂಚಿದರೂ ಅದು ಎರಡನೆಯ ಬೇಸಗೆಯನ್ನು ಕಾಣುವುದಿಲ್ಲ. ನೀರೆರೆಯುವ ಕೈಗೆ ಅದರಿಂದ ಏನು ಪ್ರಯೋಜನವೆಂಬುದು ತಿಳಿಯದಿರುವುದೇ ಇದಕ್ಕೆ ಕಾರಣ. ಆದಕಾರಣ ಹಿತ್ತಲಿನ ಸುಧಾರಣೆಯನ್ನು ಒಲೆಯ ಬಳಿಯಿಂದಲೇ ಆರಂಭಿಸತಕ್ಕದ್ದೆಂಬುದು ನನ್ನ ಅಭಿಪ್ರಾಯ. ಹಣ್ಣಿನ ಬೆಳೆಗಳು ತೋಟಗಾರಿಕೆಯವರಿಗೆ ಸೇರಿದುವು, ಪಥ್ಯಾಹಾರದ ಮಾತು ಆರೋಗ್ಯದವರಿಗೆ ಸೇರಿದ್ದು, ನಿಮಗೇಕೆ ಈ ಗೊಡವೆ, ಎಂದು ನನ್ನ ಸಹೋದ್ಯೋಗಿಗಳೇ ಕೇಳುವುದುಂಟು. ಗೊಜ್ಜಿಗೆ ಮಾತ್ರ ಯಾವ ಇಲಾಖೆಯೂ ಇಲ್ಲ. ಆದುದರಿಂದ ಯಾರಾದರೊಬ್ಬರು ಅದರ ಪಕ್ಷ ವಹಿಸಿ ಮಾತನಾಡಬೇಕಾಗಿದೆ.

ಮೊದಲು ನಷ್ಟದ ಸಂಗತಿಯನ್ನು ಹೇಳುತ್ತೇನೆ. ಸೊರಬ, ಸಾಗರ ಮತ್ತು ಶಿರಸಿ ತಾಲ್ಲೂಕುಗಳಲ್ಲಿ, ವಿಶೇಷವಾಗಿ ಬನವಾಸಿಯ ಸುತ್ತಮುತ್ತ, ಅನಾನಸಿನ ಬೆಳೆಯು ಹೇರಳವಾಗಿರುವುದು ಎಲ್ಲರೂ ಬಲ್ಲ ವಿಷಯ. ಮಾವು ಬಾಳೆಗಳಂತೆ ಅನಾನಸನ್ನು ಕಾಯಾಗಿ ಕಿತ್ತು ಅಡೆ ಹಾಕಿ ಹಣ್ಣು ಮಾಡುವುದಕ್ಕೆ ಆಗದು. ಕಿತ್ತ ಮೇಲೆ ಅದರ ಬಣ್ಣ ಬದಲಾಗಬಹುದು, ತಿರುಳು ಮೆತ್ತಗಾಗಬಹುದು. ಆದರೆ ಗಿಡದ ಮೇಲಿದ್ದಾಗ ಎಷ್ಟು ಸಿಹಿ ಕೂಡಿತ್ತೋ ಅಷ್ಟೇ ಕಡೆಯವರೆಗೂ ಇರುವುದು. ದೂರದ ಪೇಟೆಗೆ ಹೋಗಬೇಕಾದ ಹಣ್ಣನ್ನು ವ್ಯಾಪಾರಿಗಳು ಪೂರ್ತಿ ಮಾಗುವ ಮೊದಲೇ ಕೊಯ್ಯಿಸುತ್ತಾರೆ. ಪೂರ್ತಿ ಮಾಗಿದ್ದನ್ನು ಅವರು ಮುಟ್ಟುವುದಿಲ್ಲ, ಏಕೆಂದರೆ ಅದು ಕೆಲವು ದಿನಗಳಲ್ಲಿ ಕೊಳೆಯುವುದು. ಹೀಗಾಗಿ ಬೆಳೆಗಾರನ ತೋಟದಲ್ಲಿ ಉಳಿಯುವ ಹಣ್ಣೇ ತಿನ್ನುವುದಕ್ಕೆ ಉತ್ತಮವಾದ ಹಣ್ಣು. ಮೇ ತಿಂಗಳಿನಿಂದ ಆಗಸ್ಟಿನವರೆಗೆ ಎಲ್ಲರ ತೋಟಗಳೂ ಒಮ್ಮೆಗೇ ಫಲಿಸುವ ಕಾಲದಲ್ಲಿ ಧಾರಣೆಯು ಇಳಿದು, ಚಿಕ್ಕ ಹಣ್ಣು, ಬಿಸಿಲಿಗೆ ಒಂದು ಪಕ್ಕ ಸುಟ್ಟ ಹಣ್ಣು, ಎರಡು ಮೂರು ಜುಟ್ಟು ಬಂದು ಆಕಾರ ಕೆಟ್ಟ ಹಣ್ಣು, ಇವೆಲ್ಲವೂ ಬದುವಿನ ಪಾಲಾಗುತ್ತವೆ. ೨೦೨೦ನೆಯ ಇಸವಿಯ ಮಾರ್ಚಿ ೨೫ರಿಂದ ದೇಶದಲ್ಲೆಲ್ಲ ಸಂಚಾರವು ಸ್ಥಗಿತಗೊಂಡಾಗ ಒಳ್ಳೆಯ ಹಣ್ಣಿಗೂ ಇದೇ ಗತಿಯಾಯಿತು. ಲಾರಿಗಳು ಬಾರದೆ, ಬಂದರೂ ಪೇಟೆಯಲ್ಲಿ ಕೊಳ್ಳುವವರಿಲ್ಲದೆ, ಮಾಗಿದ ಹಣ್ಣು ಗಿಡದ ಮೇಲೆಯೇ ಕೊಳೆತುದನ್ನು ಆ ಸೀಮೆಯ ಬೆಳೆಗಾರರು ಮರೆತಿರಲಾರರು.

ಸಾಧಾರಣ ವರ್ಷವೊಂದರಲ್ಲಿ ನಾನು ಕಂಡ ಒಂದು ತೋಟದ ಸಂಗತಿಯನ್ನು ಇಲ್ಲಿ ಹೇಳಬಹುದು. ಯಜಮಾನರು ಅನುಕೂಲವಂತರು, ಸುಮಾರು ೪ ಎಕರೆಯಲ್ಲಿ ಅನಾನಸು ಹಾಕಿದ್ದರು. ತೋಟದ ಮೂಲೆಯ ಗುಂಡಿಯಲ್ಲಿ ಚಿಕ್ಕ ಹಣ್ಣುಗಳು ರಾಶಿಯಾಗಿ ಬಿದ್ದು, ಅವುಗಳ ಮೇಲೆ ನೊಣಗಳು ಮುತ್ತಿ, ಹುಳಿ ವಾಸನೆಯು ದಾರಿಯವರೆಗೂ ಬರುತ್ತಿತ್ತು. ಅದೇ ಹೊತ್ತಿನಲ್ಲಿ ಅವರ ಆಳು ಸಂತೆಯಿಂದ ಒಂದು ಚೀಲ ಕೋಸು, ಆಲೂಗಡ್ಡೆ, ಟೊಮೇಟೊ ಹೊತ್ತುಕೊಂಡು ಬಂದನು. ಮನೆಯಲ್ಲಿ ಅನಾನಸಿನಿಂದ ಏನು ಮಾಡುತ್ತೀರೆಂದು ವಿಚಾರಿಸಲಾಗಿ, ಬಂದವರಿಗೆ ಹೆಚ್ಚಿ ಕೊಡುತ್ತೇವೆ, ಮದುವೆ ಮುಂಜಿಗಳಲ್ಲಿ ಅಡಿಗೆಯವರು ಗೊಜ್ಜು ಮಾಡುತ್ತಾರೆ, ಎಂದರು. ಮನೆಯಲ್ಲೇಕೆ ಮಾಡಬಾರದೆಂದರೆ, ಅದು ದೊಡ್ಡಡಿಗೆಯವರ ಕೈಗೆ ಬರತಕ್ಕದ್ದೆಂಬ ಉತ್ತರ ಬಂತು. ಹೀಗೆ ಎಕರೆಗಟ್ಟಲೆ ಬೆಳೆದವರ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಬಾಳೆಯೆಲೆಯ ಮೂಲೆಯಲ್ಲಿ ಒಂದು ಚಮಚದಷ್ಟು ಕಾಣಿಸಿಕೊಂಡು ಹೋಗುವ ಈ ವ್ಯಂಜನವನ್ನು ದಿನದ ಅಡಿಗೆಗೆ ಇಳಿಸತಕ್ಕದ್ದೆಂಬುದೇ ನನ್ನ ಬಿನ್ನಹ.

ನಮ್ಮ ಪೂರ್ವಿಕರು ಹೊಲವನ್ನೂ ಒಲೆಯನ್ನೂ ಹೀಗೆ ಬೇರೆ ಮಾಡಿರಲಿಲ್ಲ. ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು ೧೦೨೫ನೆಯ ಇಸವಿಯಲ್ಲಿ, ಚಾವುಂಡರಾಯನೆಂಬ ಕವಿಯು ರಚಿಸಿದ ಲೋಕೋಪಕಾರವೆಂಬ ಕನ್ನಡ ಗ್ರಂಥದಲ್ಲಿ ನೆಲದಡಿಯ ನೀರನ್ನು ಕಂಡುಹಿಡಿಯುವ ಕ್ರಮ, ಗಿಡಮರಗಳ ಪೋಷಣೆ, ದನಗಳ ಚಿಕಿತ್ಸೆ ಮತ್ತು ಸೂಪಶಾಸ್ತ್ರ, ಈ ನಾಲ್ಕೂ ಒಂದೇ ಕಟ್ಟಿನಲ್ಲಿವೆ. ಅಡಿಗೆಯನ್ನೇ ವಿಷಯವಾಗಿ ಹೊಂದಿದ ಮಂಗರಸನ ಸೂಪಶಾಸ್ತ್ರವು ೧೬ನೆಯ ಶತಮಾನದ ಆದಿಭಾಗದ್ದು. ಈ ಇಬ್ಬರಿಗೂ ಇಂದಿನ ಅನಾನಸಿನ ಗೊಜ್ಜು ತಿಳಿದಿರಲಾರದು. ಏಕೆಂದರೆ ಅನಾನಸೂ ಒಣಮೆಣಸಿನಕಾಯಿಯೂ ಎರಡೂ ಅಮೆರಿಕ ಖಂಡದ ಗಿಡಗಳು, ಪೋರ್ಚುಗೀಸರ ಹಡಗುಗಳ ಮೂಲಕ ೧೬ನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದುವು. ಅದುವರೆಗೆ ನಮ್ಮವರ ಖಾರವು ಕಾಳುಮೆಣಸಿನದು. ಮೆಣಸಿನ ಕೆಲಸವನ್ನು ಮಾಡುವ ಕಾಯಾದುದರಿಂದ ಹೊಸದಕ್ಕೆ ಮೆಣಸಿನಕಾಯಿ ಎಂಬ ಹೆಸರು ನಿಂತಿತು. ಇದನ್ನು ಬೆಳೆಯಿರೆಂದು ಯಾವ ಸರ್ಕಾರದವರೂ ಪ್ರಾತ್ಯಕ್ಷಿಕೆ ನಡೆಸಲಿಲ್ಲ, ಯಾವ ಇನ್‌ಸ್ಪೆಕ್ಟರೂ ಬೀಜ ಹಂಚಲಿಲ್ಲ. ಅಡಿಗೆಯ ಮನೆಯು ಒಪ್ಪಿಕೊಂಡಿತು, ಹೊಲವು ಅದನ್ನು ಹಿಂಬಾಲಿಸಿತು. ಬ್ಯಾಡಗಿಯ ಪೇಟೆಯಲ್ಲಿ ಇಂದು ಕೆಂಪು ರಾಶಿಗಳು ಕಾಣುತ್ತಿರುವುದು ಅದರಿಂದಲೇ. ನಾನು ಈ ಲೇಖನದಲ್ಲಿ ಬೇರೆ ಯಾವ ಸಾಕ್ಷಿಯನ್ನೂ ತರಲಾರೆ, ತರಬೇಕಾಗಿಯೂ ಇಲ್ಲ.

ಇನ್ನು ಪಾಕದ ಕ್ರಮ. ಇದನ್ನು ಉಡುಪಿಯ ಕಡೆ ಮೆಣಸ್ಕಾಯಿ ಎನ್ನುವರು; ಬಯಲುಸೀಮೆಯಲ್ಲಿ ಗೊಜ್ಜು ಎಂದೇ ರೂಢಿ. ಮಸಾಲೆಯಲ್ಲಿ ಅಲ್ಪಸ್ವಲ್ಪ ಭೇದವಿದ್ದರೂ ಸಿಹಿ, ಹುಳಿ, ಖಾರ, ಉಪ್ಪು ಕೂಡಿರುವುದು ಎರಡಕ್ಕೂ ಸಮಾನ. ಅನಾನಸಿನ ಜೊತೆಗೆ ಹಾಗಲಕಾಯಿಯನ್ನು ಸೇರಿಸಿದರೆ ಕಹಿಯೂ ಕೂಡಿ, ಹಣ್ಣೊಂದರಿಂದಲೇ ಮಾಡಿದ ಗೊಜ್ಜಿನಲ್ಲಿ ಕಾಣುವ ಅತಿಯಾದ ಸಿಹಿಯು ತಗ್ಗುವುದು. ಹಾಗಲಕಾಯಿಯನ್ನು ಒಲ್ಲದ ಮಕ್ಕಳು ಹಣ್ಣಿನ ಹೋಳನ್ನು ಹುಡುಕುತ್ತ ಹಾಗಲವನ್ನೂ ತಿನ್ನುತ್ತಾರೆ.

೮ ಅಥವಾ ೧೦ ಮಂದಿಗೆ ಸಾಲುವಷ್ಟು ಮಾಡಬೇಕಾದರೆ, ಸಿಪ್ಪೆ ಕಣ್ಣುಗಳನ್ನು ತೆಗೆದ ಅನಾನಸಿನ ಹೋಳು ಅರ್ಧ ಕಿಲೋ, ಅಂದರೆ ವ್ಯಾಪಾರಿಯು ಬೇಡವೆಂದು ಬಿಟ್ಟುಹೋದ ಒಂದು ಚಿಕ್ಕ ಹಣ್ಣು. ಹಾಗಲಕಾಯಿ ಕಾಲು ಕಿಲೋ. ಬೆಲ್ಲ ೬೦ರಿಂದ ೭೫ ಗ್ರಾಂ. ಹುಣಸೆಹಣ್ಣು ಒಂದು ನೆಲ್ಲಿಕಾಯಿಯ ಗಾತ್ರ. ಹಣ್ಣು ಬಲು ಹುಳಿಯಾಗಿದ್ದರೆ ಹುಣಸೆಯನ್ನು ಬಿಟ್ಟುಬಿಡಬಹುದು. ಮಸಾಲೆಗೆ ಕಡಲೆಬೇಳೆ ಮತ್ತು ಉದ್ದಿನಬೇಳೆ ಒಂದೊಂದು ದೊಡ್ಡ ಚಮಚ, ಕೊತ್ತಂಬರಿ ಬೀಜ ಎರಡು ದೊಡ್ಡ ಚಮಚ, ಬಿಳಿ ಎಳ್ಳು ಎರಡು ದೊಡ್ಡ ಚಮಚ, ಮೆಂತ್ಯ ೧೫ ಅಥವಾ ೨೦ ಕಾಳು ಮಾತ್ರ, ಬ್ಯಾಡಗಿ ಮೆಣಸಿನಕಾಯಿ ೬, ಖಾರದ ಜಾತಿಯದು ೨, ತುರಿದ ಒಣಕೊಬ್ಬರಿ ಒಂದು ಹಿಡಿ. ಬ್ಯಾಡಗಿಯ ಕಾಯಿಯು ಬಣ್ಣಕ್ಕೆ, ಇನ್ನೊಂದು ಖಾರಕ್ಕೆ. ಮೆಂತ್ಯದ ವಿಷಯದಲ್ಲಿ ಕೈ ಬಿಗಿಯಾಗಿರಬೇಕು. ಹಾಗಲದ ಕಹಿಗೆ ಅದರ ಕಹಿಯೂ ಸೇರಿದರೆ ಬೆಲ್ಲವು ಯಾವ ಸಹಾಯವನ್ನೂ ಮಾಡಲಾರದು.

ಹಾಗಲಕಾಯಿಯನ್ನು ಉದ್ದಕ್ಕೆ ಸೀಳಿ, ಬಲಿತ ಬೀಜಗಳನ್ನು ತೆಗೆದು, ತೆಳುವಾಗಿ ಹೆಚ್ಚಿ, ಉಪ್ಪು ಅರಿಸಿನಗಳನ್ನು ಸವರಿ ಅರ್ಧ ಗಂಟೆ ಇಟ್ಟು ಹಿಂಡಿದರೆ ಕಹಿನೀರು ಬಹುಮಟ್ಟಿಗೆ ಹೋಗುವುದು. ಮೇಲಿನ ಮುಳ್ಳುಗಳನ್ನು ಹೆರೆದು ಬಿಸಾಡುವುದು ಅನಾವಶ್ಯಕ. ಅನಾನಸಿನ ನಡುವಣ ದಿಂಡು ನಾರಾಗಿರುವುದರಿಂದ ಅದನ್ನು ಬೇರೆ ತೆಗೆದು ಸಣ್ಣಗೆ ಕೊಚ್ಚಿ ಹಾಕಬಹುದು. ಸಿಪ್ಪೆಯನ್ನು ಗುಂಡಿಗೆ ಎಸೆಯದೆ ಹುಲ್ಲಿನೊಡನೆ ಮಿತವಾಗಿ ದನಗಳಿಗೆ ಹಾಕಿದರೆ ಅವು ತಿನ್ನುತ್ತವೆ. ಬೇಳೆಗಳನ್ನೂ ಬೀಜಗಳನ್ನೂ ಒಂದೊಂದಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು; ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದರೆ ಬೇಳೆಯು ಕೆಂಪಾಗುವ ವೇಳೆಗೆ ಮೆಂತ್ಯವು ಕರಿದಾಗಿರುವುದು. ಎಳ್ಳನ್ನು ಕಡೆಯಲ್ಲಿ ಹಾಕಿ, ಚಿಟಪಟ ಎಂದೊಡನೆ ಇಳಿಸಿ, ಕೊಬ್ಬರಿಯನ್ನು ಆ ಬಿಸಿಯಲ್ಲಿಯೇ ಬಾಡಿಸಿಕೊಂಡರೆ ಸಾಕು. ಇವನ್ನು ಸ್ವಲ್ಪ ನೀರಿನೊಡನೆ ಒರಳಿನಲ್ಲಾಗಲಿ ಮಿಕ್ಸಿಯಲ್ಲಾಗಲಿ ಅರೆದಿಟ್ಟುಕೊಳ್ಳತಕ್ಕದ್ದು.

ಪಾಕದಲ್ಲಿ ಕ್ರಮವೇ ಮುಖ್ಯ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಮಾಡಿ, ಅದರಲ್ಲಿಯೇ ಹಾಗಲಕಾಯಿಯನ್ನು ಮೆತ್ತಗಾಗುವವರೆಗೆ ಬಾಡಿಸಬೇಕು. ಇದು ಪೂರ್ತಿ ಬೆಂದ ಮೇಲೆಯೇ ಅನಾನಸಿನ ಹೋಳುಗಳನ್ನು ಹಾಕಿ ಎರಡು ಲೋಟ ನೀರಿನಲ್ಲಿ ಸುಮಾರು ೧೦ ನಿಮಿಷ ಬೇಯಿಸಿ, ಅನಂತರ ಹುಣಸೆಯ ರಸ, ಬೆಲ್ಲ, ಉಪ್ಪು, ಎಲ್ಲಕ್ಕೂ ಕಡೆಯಲ್ಲಿ ಅರೆದ ಮಸಾಲೆಯನ್ನು ಸೇರಿಸತಕ್ಕದ್ದು. ಹುಳಿಯಲ್ಲಿಯೂ ಬೆಲ್ಲದಲ್ಲಿಯೂ ತರಕಾರಿಯು ಬೇಗ ಮೆದುವಾಗದು. ಅವಸರಪಟ್ಟು ಮೊದಲೇ ಹುಳಿ ಬೆಲ್ಲಗಳನ್ನು ಹಾಕಿದರೆ ಹಾಗಲದ ಹೋಳು ಗಂಟೆಗಟ್ಟಲೆ ಕುದಿಸಿದರೂ ಬಿರುಸಾಗಿಯೇ ನಿಲ್ಲುವುದು. ಸೌದೆಯಾಗಲಿ ಅನಿಲವಾಗಲಿ ವ್ಯರ್ಥ, ಊಟಕ್ಕೆ ಕೂತವರ ಮುಖವೂ ಕಹಿ. ಬೇಳೆಯು ಬೇಯುವುದಕ್ಕೆ ಮೊದಲು ಹುಣಸೆಯನ್ನು ಹಾಕಬಾರದೆಂದು ನಮ್ಮ ಹೆಂಗಸರು ನೆನಪಿಡುವುದಕ್ಕೂ ಇದೇ ಕಾರಣ. ಮಸಾಲೆ ಬಿದ್ದ ಮೇಲೆ ಸಣ್ಣ ಉರಿಯಲ್ಲಿ ಆಗಾಗ ತಿರುವುತ್ತ, ಗೊಜ್ಜು ಸೌಟಿಗೆ ಅಂಟುವಷ್ಟು ಗಟ್ಟಿಯಾಗಿ ಅಂಚಿನಲ್ಲಿ ಎಣ್ಣೆ ಕಾಣಿಸಿಕೊಂಡಾಗ ಇಳಿಸಬೇಕು. ಆರಿದ ಮೇಲೆ ಇನ್ನೂ ಗಟ್ಟಿಯಾಗುವುದರಿಂದ ಸ್ವಲ್ಪ ತೆಳುವಾಗಿರುವಾಗಲೇ ಇಳಿಸುವುದು ಜಾಣತನ. ಮಾಡಿದ ದಿನಕ್ಕಿಂತ ಮರುದಿನ ರುಚಿ ಹೆಚ್ಚು. ಹಸಿ ತೆಂಗಿನಕಾಯಿ ಹಾಕದೆ ಕೊಬ್ಬರಿಯಿಂದ ಮಾಡಿದ್ದನ್ನು ದಿನಕ್ಕೊಮ್ಮೆ ಕುದಿಸಿಟ್ಟರೆ ಎರಡನೆಯ ದಿನವೂ ಕೆಡುವುದಿಲ್ಲ.

ಪಾತ್ರೆಯ ವಿಷಯವನ್ನು ಯಜಮಾನರು ತಾವೇ ವಿಚಾರಿಸತಕ್ಕದ್ದು. ಕಲಾಯಿ ಹೋದ ಹಿತ್ತಾಳೆ ತಾಮ್ರಗಳಲ್ಲಿ ಇಂಥ ಹುಳಿಯ ಪದಾರ್ಥವನ್ನು ಕುದಿಸಿದರೆ ಕಿಲುಬು ಇಳಿದು ವಾಂತಿಭೇದಿಗೆ ಕಾರಣವಾಗುವುದು. ಅಲ್ಯೂಮಿನಿಯಮ್ ಪಾತ್ರೆಯೂ ಹುಳಿಗೆ ತಕ್ಕದ್ದಲ್ಲ. ಬಳಪದ ಕಲ್ಲಿನ ಮರಿಗೆ ಇದ್ದ ಮನೆಯವರು ಅದನ್ನು ಅಟ್ಟದಿಂದ ಇಳಿಸಲಿ. ಅದು ಉರಿ ಆರಿದ ಮೇಲೂ ಬಹಳ ಹೊತ್ತು ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದು, ಹುಳಿಗೆ ಕದಲದು. ಇಲ್ಲದವರಿಗೆ ಮಣ್ಣಿನ ಮಡಕೆಯೋ ತುಕ್ಕು ಹಿಡಿಯದ ಉಕ್ಕಿನ ಪಾತ್ರೆಯೋ ಸಾಕು. ಮದುವೆಯ ಮನೆಗಳಲ್ಲಿ ಬಾಡಿಗೆಗೆ ತಂದ ಹಿತ್ತಾಳೆಯ ಕೊಪ್ಪರಿಗೆಯ ಒಳಮೈಯನ್ನು ನೋಡದೆ ಅಡಿಗೆಗೆ ಅಪ್ಪಣೆ ಕೊಡುವುದು ಯಜಮಾನರಾದವರಿಗೆ ಒಪ್ಪದ ಕೆಲಸ.

ಆಕ್ಷೇಪಣೆಗಳು ಇಲ್ಲದಿಲ್ಲ. ಹಣ್ಣನ್ನು ಹಸಿಯಾಗಿ ತಿನ್ನುವುದು ಬಿಟ್ಟು ಬೇಯಿಸಿದರೆ ಸಾರವೆಲ್ಲ ಹೋಗುವುದಲ್ಲವೇ ಎಂದು ತಿಳಿದವರು ಕೇಳುವರು. ಅನಾನಸಿನಲ್ಲಿಯೂ ಹಾಗಲಕಾಯಿಯಲ್ಲಿಯೂ ಇರುವ ಸಿ ಜೀವಸತ್ತ್ವವು ಕಾವಿಗೆ ಕೆಡತಕ್ಕದ್ದಾದುದರಿಂದ ಒಂದು ಭಾಗ ನಷ್ಟವಾಗುವುದು ನಿಜವೇ. ಹಸಿಯಾಗಿ ತಿನ್ನುವವರನ್ನು ನಾನು ತಡೆಯುವುದಿಲ್ಲ. ಆದರೆ ಹಸಿ ಅನಾನಸನ್ನು ಎಷ್ಟು ಹೋಳು ತಿನ್ನಬಹುದು? ಎಂಟು ಹತ್ತು ಹೋಳಿಗೆ ನಾಲಗೆ ಉರಿಯುವುದು. ಅದರಲ್ಲಿರುವ ಬ್ರೊಮೆಲೈನ್ ಎಂಬ ವಸ್ತುವು ಮಾಂಸಸತ್ತ್ವವನ್ನು ಒಡೆಯತಕ್ಕ ಗುಣವುಳ್ಳದ್ದು; ನಾಲಗೆಯ ಮೇಲಿನ ತೆಳುಪೊರೆಯನ್ನೂ ಅದು ಕೆರಳಿಸುವುದು. ಚೆನ್ನಾಗಿ ಬೇಯಿಸಿದರೆ ಈ ಗುಣವು ನಾಶವಾಗುವುದರಿಂದ ಗೊಜ್ಜು ನಾಲಗೆಯನ್ನು ಸುಡುವುದಿಲ್ಲ. ಮಲೆನಾಡಿನವರು ಹಸಿ ಹಣ್ಣಿಗೆ ತೆಂಗಿನಕಾಯಿ ಸಾಸಿವೆಗಳನ್ನು ಅರೆದು ಹಾಕಿ ಮೊಸರು ಬೆರಸಿ ಸಾಸಿವೆ ಎಂಬ ವ್ಯಂಜನವನ್ನು ಮಾಡುವರಷ್ಟೆ. ಅನಾನಸಿನಿಂದ ಇದನ್ನು ಮಾಡಿಟ್ಟರೆ ಕೆಲವು ಹೊತ್ತಿಗೆ ಕಹಿಯಾಗುವುದಕ್ಕೂ ಆ ವಸ್ತುವೇ ಕಾರಣ, ಮೊಸರಿನ ಸತ್ತ್ವವನ್ನು ಅದು ಒಡೆದಿರುತ್ತದೆ. ಹೋಳುಗಳನ್ನು ಮೊದಲು ಬಿಸಿನೀರಿನಲ್ಲಿ ಕುದಿಸಿ ಆರಿಸಿಕೊಂಡರೆ ಈ ತೊಂದರೆಯಿಲ್ಲ.

ಇನ್ನೊಂದು ಮಾತು. ಹಾಗಲಕಾಯಿ ಮಧುಮೇಹಕ್ಕೆ ಮದ್ದೆಂಬ ನಂಬಿಕೆಯಿಂದ ಗೊಜ್ಜನ್ನು ಧಾರಾಳವಾಗಿ ಬಡಿಸಿಕೊಳ್ಳುವ ಹಿರಿಯರನ್ನು ನೋಡಿದ್ದೇನೆ. ೭೫ ಗ್ರಾಂ ಬೆಲ್ಲ ಕರಗಿರುವ ಪಾತ್ರೆಯಲ್ಲಿ ಹಾಗಲವು ಅವರಿಗಾಗಿ ಏನು ಮಾಡೀತು? ಅಂಥವರು ವೈದ್ಯರ ಮಾತಿನಂತೆ ನಡೆಯತಕ್ಕದ್ದು. ಗೊಜ್ಜು ಊಟದ ಪದಾರ್ಥ, ಔಷಧವಲ್ಲ. ಎಳ್ಳು ಕೊಬ್ಬರಿಗಳ ಖರ್ಚಿನ ಮಾತೆತ್ತುವವರಿಗೆ, ಎಳ್ಳಿನ ಅರ್ಧಕ್ಕೆ ಹುರಿದ ಕಡಲೆಕಾಯಿ ಬೀಜವನ್ನು ಹಾಕಬಹುದೆಂದು ಹೇಳಿದರೆ ಸಾಕು.

ಆಳುಗಳ ಊಟದ ವಿಷಯವೇ ನನ್ನ ಮನಸ್ಸಿನಲ್ಲಿ ಹೆಚ್ಚಾಗಿರುವುದು. ನಾಟಿಯ ದಿನಗಳಲ್ಲಿ ಮಧ್ಯಾಹ್ನದ ಊಟವನ್ನು ಗದ್ದೆಗೇ ಕಳುಹಿಸುವ ಪದ್ಧತಿಯು ಅನೇಕ ಗ್ರಾಮಗಳಲ್ಲಿ ಇನ್ನೂ ಉಳಿದಿರುವುದು. ಮಲೆನಾಡಿನಲ್ಲಿ ನಾಟಿಯ ಕಾಲವೂ ಅನಾನಸಿನ ಕಾಲವೂ ಒಂದಕ್ಕೊಂದು ಕೂಡಿಯೇ ಬರುತ್ತವೆ. ಬೆಳಗಿನಿಂದ ಮಳೆಯಲ್ಲಿ ಬೆನ್ನು ಬಗ್ಗಿಸಿದ ಹೆಂಗಸರ ಮುಂದೆ ಅನ್ನ, ನೀರಾದ ಸಾರು, ಉಪ್ಪಿನಕಾಯಿಯ ಒಂದು ಹೋಳು, ಇಷ್ಟನ್ನೇ ಬಡಿಸಿ, ಅದೇ ಗದ್ದೆಯ ಮೇಲಣ ತೋಟದಲ್ಲಿ ಹಣ್ಣನ್ನು ಗುಂಡಿಗೆ ಹಾಕುವುದು ನೋಡುವುದಕ್ಕೆ ಚೆನ್ನಾಗಿಲ್ಲ. ೨೫ ಮಂದಿಗೆ ಒಂದೊಂದು ಸೌಟು ಗೊಜ್ಜಿಗೆ ೩ ಚಿಕ್ಕ ಹಣ್ಣು, ಮುಕ್ಕಾಲು ಕಿಲೋ ಹಾಗಲಕಾಯಿ, ಕಾಲು ಕಿಲೋಗಿಂತ ಕಡಿಮೆ ಬೆಲ್ಲ ಸಾಕು. ಇದರಿಂದ ಕೂಲಿಯ ಪ್ರಶ್ನೆ ಬಗೆಹರಿಯಿತೆಂದು ನಾನು ಹೇಳುತ್ತಿಲ್ಲ. ಕೂಲಿಗೆ ಬದಲಾಗಿ ಗೊಜ್ಜನ್ನು ಕೊಡಿರೆಂದು ಯಾರೂ ತಿಳಿಯಬಾರದು. ಆದರೆ ತರಕಾರಿಯ ಒಂದು ಹೋಳೂ ಕಾಣದ ತಟ್ಟೆಯಲ್ಲಿ ಹಣ್ಣೂ ಕಾಯಿಯೂ ಎಳ್ಳೂ ಬಿದ್ದರೆ ಊಟಕ್ಕೆ ರುಚಿಯೂ ಬಲವೂ ಬರುವುದೆಂಬುದರಲ್ಲಿ ಸಂದೇಹವಿಲ್ಲ. ರಾಗಿಯ ಮುದ್ದೆಗೆ ಇದು ಹೊಂದದೆಂದು ಬಯಲುಸೀಮೆಯವರು ಹೇಳಬಹುದು. ರಾಗಿ ರೊಟ್ಟಿಗೆ ಹೊಂದುವುದೆಂಬುದನ್ನು ನಾನು ತಿಂದು ಬಲ್ಲೆ.

ಅನಾನಸನ್ನು ದೊಡ್ಡದಾಗಿ ಬೆಳೆಯದ ಸೀಮೆಯ ಯಜಮಾನರೂ ಹಿತ್ತಲಿನಲ್ಲಿ ೨೦ ಗಿಡಗಳನ್ನು ಇಟ್ಟುಕೊಳ್ಳಬಹುದು. ಬಚ್ಚಲಿನ ನೀರು ಹರಿದು ಹೋಗುವ ಕಡೆ, ತೆಂಗಿನ ಮರದ ಅರೆನೆರಳಿನಲ್ಲಿ, ಎರಡು ಸಾಲಾಗಿ, ಸಾಲಿನಿಂದ ಸಾಲಿಗೆ ೨ ಅಡಿ, ಗಿಡದಿಂದ ಗಿಡಕ್ಕೆ ೧ ಅಡಿ ಬಿಟ್ಟು ನೆಟ್ಟರೆ ೨೦ ಗಿಡಗಳಿಗೆ ಹಿಡಿಯುವ ಜಾಗವು ಒಂದು ದನದ ಕೊಟ್ಟಿಗೆಯಷ್ಟೂ ಆಗದು. ನೀರು ಹರಿಯಬೇಕು, ನಿಲ್ಲಬಾರದು. ನಿಂತರೆ ಗಿಡದ ಸುಳಿಯು ಕೊಳೆತು ಕೈಗೆ ಕಿತ್ತು ಬರುವುದು. ಕ್ಯೂ ಎಂಬ ಜಾತಿಯ ಎಲೆಗೆ ತುದಿಯಲ್ಲಿ ಹೊರತು ಮುಳ್ಳಿರುವುದಿಲ್ಲ, ಹಣ್ಣು ೨ರಿಂದ ೩ ಕಿಲೋ ತೂಗುವುದು. ಮಕ್ಕಳು ಓಡಾಡುವ ಹಿತ್ತಲಿಗೆ ಇದೇ ಮೇಲು. ಕ್ವೀನ್ ಮತ್ತು ಮಾರಿಷಸ್ ಜಾತಿಗಳ ಹಣ್ಣು ಚಿಕ್ಕದು, ಪರಿಮಳ ಹೆಚ್ಚು, ಎಲೆಯ ಅಂಚಿನಲ್ಲೆಲ್ಲ ಮುಳ್ಳು. ಇವನ್ನು ಬೇಲಿಯ ಮಗ್ಗುಲಲ್ಲಿ ಹಾಕಿದರೆ ಅದೊಂದು ಪ್ರಯೋಜನವೂ ಉಂಟು. ಬುಡದ ಕಂದನ್ನು ನೆಟ್ಟರೆ ೧೫ರಿಂದ ೧೮ ತಿಂಗಳಿಗೆ ಹಣ್ಣು ಸಿಕ್ಕುವುದು, ನೆತ್ತಿಯ ಜುಟ್ಟನ್ನು ನೆಟ್ಟರೆ ಸುಮಾರು ೨ ವರ್ಷ ಕಾಯಬೇಕು. ಎಲ್ಲವನ್ನೂ ಒಂದೇ ದಿನ ನೆಡದೆ, ಮೂರು ನಾಲ್ಕು ತಿಂಗಳಿಗೆ ಐದೈದರಂತೆ ನೆಡುತ್ತ ಬಂದರೆ ಹಣ್ಣುಗಳು ಒಮ್ಮೆಗೇ ಮಾಗಿ ಮನೆಯವರನ್ನು ಕಂಗೆಡಿಸುವುದಿಲ್ಲ.

ಹಾಗಲವು ಅವಸರದ ಬಳ್ಳಿ. ಬೀಜ ಹಾಕಿದ ೫೫ ಅಥವಾ ೬೦ ದಿನಗಳಿಗೆ ಕಾಯಿ ಸಿಕ್ಕುವುದು. ಮಾರ್ಚಿ ತಿಂಗಳ ಕಡೆಯಲ್ಲಿ ಬೀಜವನ್ನು ಒಂದು ರಾತ್ರಿ ನೆನೆಸಿ ಹಾಕಿದರೆ ಅನಾನಸಿನ ಕಾಲಕ್ಕೆ ಸರಿಯಾಗಿ ಕಾಯಿ ಒದಗುವುದು. ಚಪ್ಪರಕ್ಕೆ ಏರಿಸಿದ ಬಳ್ಳಿಯ ಕಾಯಿಗಳು ನೆಟ್ಟಗೆ ಇಳಿಬಿದ್ದು ಬೆಳೆಯುವುವು, ನೆಲದ ಮೇಲೆ ಬಿಟ್ಟರೆ ಸೊಟ್ಟಾಗಿ ಕೊಳೆಯುವುವು. ಹಣ್ಣುನೊಣವು ಎಳೆಗಾಯಿಯನ್ನು ಚುಚ್ಚಿ ಮೊಟ್ಟೆಯಿಡುವುದೇ ಇದರ ಮುಖ್ಯ ಪಿಡುಗು. ಹಿತ್ತಲಿನ ನಾಲ್ಕು ಬಳ್ಳಿಗೆ ವಿಷದ ಔಷಧಿಯನ್ನು ಸಿಂಪಡಿಸುವುದನ್ನು ನಾನು ಒಪ್ಪುವುದಿಲ್ಲ. ಎಳೆಗಾಯಿಗೆ ಕಾಗದದ ಚೀಲವನ್ನು ಕಟ್ಟಿ, ಚುಚ್ಚಿಸಿಕೊಂಡು ಹಳದಿ ತಿರುಗಿದ ಕಾಯಿಗಳನ್ನು ದಿನವೂ ಆಯ್ದು ಆಳವಾಗಿ ಹೂಳಿದರೆ ಪಿಡುಗು ಬಹುಮಟ್ಟಿಗೆ ತಗ್ಗುವುದು. ಮಕ್ಕಳು ಈ ಕೆಲಸವನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ಅನಾನಸು ಇಲ್ಲದ ತಿಂಗಳುಗಳಲ್ಲಿ ಇದೇ ಮಸಾಲೆಯು ವ್ಯರ್ಥವಾಗುವುದಿಲ್ಲ. ಮಾವಿನ ಕಾಲದಲ್ಲಿ ಅರೆಮಾಗಿದ ಮಾವಿಗೆ ಸಿಹಿಗುಂಬಳವನ್ನು ಕೂಡಿಸಬಹುದು; ಅಂಬಟೆಕಾಯಿ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿದೆ; ಹೇರಳೆಕಾಯಿಯ ಗೊಜ್ಜನ್ನು ಮೈಸೂರು ಸೀಮೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಹೇರಳೆಕಾಯಿಗೆ ಬೆಲ್ಲ ಹೆಚ್ಚು ಬೇಕು, ಹುಣಸೆ ಬೇಕಾಗಿಲ್ಲ.

ನಮ್ಮ ಇಲಾಖೆಯವರ ಸಭೆಗಳ ವಿಷಯವಾಗಿಯೂ ಒಂದು ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. ಗ್ರಾಮದ ಜಗಲಿಯ ಮೇಲೆ ಗಂಡಸರನ್ನು ಕೂರಿಸಿ ಹಿತ್ತಲಿನ ತರಕಾರಿಯ ವಿಚಾರವಾಗಿ ಉಪನ್ಯಾಸ ಮಾಡುತ್ತೇವೆ. ಹಿತ್ತಲಿಗೆ ನೀರೆರೆಯುವವರು ಬಾಗಿಲ ಮರೆಯಲ್ಲಿ ನಿಂತಿರುತ್ತಾರೆ, ಅಥವಾ ನಮಗಾಗಿಯೇ ಕಾಫಿ ಕಾಸುತ್ತಿರುತ್ತಾರೆ. ಯಜಮಾನರು ಮನಸ್ಸು ಮಾಡಿ ಇಂಥ ಸಭೆಯನ್ನು ಒಮ್ಮೆ ಹಿತ್ತಲಿನಲ್ಲಿಯೇ ಕೂಡಿಸಿ, ಒಲೆ ಹೂಡಿಸಿ, ಗ್ರಾಮದಲ್ಲಿ ಗೊಜ್ಜು ಮಾಡಬಲ್ಲ ಹಿರಿಯ ಹೆಂಗಸೊಬ್ಬರನ್ನು ಮುಂದೆ ಕೂರಿಸಲಿ. ಉಪನ್ಯಾಸವನ್ನು ಆಕೆಯೇ ಮಾಡಲಿ, ಗಿಡದ ವಿಚಾರವಾಗಿ ಆಕೆ ಕೇಳುವ ಪ್ರಶ್ನೆಗಳಿಗೆ ಇನ್‌ಸ್ಪೆಕ್ಟರು ಉತ್ತರ ಕೊಡಲಿ. ಅಡಿಗೆಗೆ ಎಷ್ಟು ಗಿಡ ಬೇಕು, ಯಾವ ತಿಂಗಳಲ್ಲಿ ಬೇಕು, ಯಾವ ಜಾತಿ ರುಚಿ ಎಂಬ ಲೆಕ್ಕವು ಆ ಕೂಟದಲ್ಲಿ ಅರ್ಧ ಗಂಟೆಯಲ್ಲಿ ತೀರ್ಮಾನವಾಗುವುದು.

ಈ ಮುಂಗಾರಿಗೆ ಹೊಸದಾಗಿ ನೆಡಬೇಕೆನ್ನುವವರು ಮನೆಗೆ ತಂದ ಹಣ್ಣಿನ ಜುಟ್ಟನ್ನು ಎಸೆಯದೆ ತಿರುಗಿಸಿ ಕಿತ್ತು, ಬುಡದ ನಾಲ್ಕಾರು ಎಲೆಗಳನ್ನು ಸುಲಿದು, ಒಂದು ವಾರ ನೆರಳಿನಲ್ಲಿ ತಲೆಕೆಳಗಾಗಿ ಇಟ್ಟು ಗಾಯ ಒಣಗಿದ ಮೇಲೆ ನೆಡಲಿ. ಕಂದುಗಳೇ ಬೇಕಾದರೆ ಹಣ ಕೊಟ್ಟು ಕೊಳ್ಳುವ ಮೊದಲು ಅನಾನಸಿನ ಸೀಮೆಯಲ್ಲಿರುವ ನೆಂಟರಿಗೆ ಹೇಳಿಕಳುಹಿಸಬಹುದು. ಹಳೆಯ ಕೂಳೆಯ ತೋಟವನ್ನು ಕಿತ್ತು ಹೊಸದಾಗಿ ಉಳುವ ಕಾಲದಲ್ಲಿ ಅವರು ಅವನ್ನು ಬದುವಿನ ಮೇಲೆ ರಾಶಿ ಹಾಕಿರುತ್ತಾರೆ, ಕೇಳಿದವರಿಗೆ ಇಲ್ಲವೆನ್ನುವುದಿಲ್ಲ.